ಹಾಸಿಗೆ ಹಿಡಿದವರ ಊಟ, ತೂಕ: ಪದೇ ಪದೇ ಕೇಳುವ ಪ್ರಶ್ನೆಗಳು

ಹೋದ ವರ್ಷ ಆಷಾಢದಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ವಯಸ್ಸು 71. ಸೊಂಟದ ಮೂಳೆಯಲ್ಲಿ ಸೀಳು. ಆಪರೇಷನ್ ಬೇಕಿಲ್ಲ, ಆರು ವಾರ ಮಲಗಿದ್ದರೆ ಕೂಡಿಕೊಳ್ಳುತ್ತದೆ ಅಂದರು. ಆರು ಹೋಗಿ ಒಂಬತ್ತಾಯಿತು. ಡಿಸ್ಚಾರ್ಜ್ ಚೀಟಿಯಲ್ಲಿ ಊಟದ ವಿಷಯಕ್ಕೆ ಇದ್ದದ್ದು ಎರಡೇ ಪದ, ‘ಸಾಫ್ಟ್ ಡಯಟ್’. ಉಳಿದದ್ದನ್ನು ನಾನೂ ಅಕ್ಕನೂ ತಪ್ಪು ಮಾಡಿ ಮಾಡಿ ಕಲಿತೆವು. ಆಮೇಲೆ ಒಬ್ಬ ಡಯಟೀಷಿಯನ್, ಒಬ್ಬ ಫಿಸಿಯೋ ಬಂದು ತಿದ್ದಿದರು. ಈಗ ನೆಂಟರಿಷ್ಟರಲ್ಲಿ ಯಾರು ಮಲಗಿದರೂ ಫೋನು ನನಗೇ ಬರುತ್ತದೆ, ಕೇಳುವುದೂ ಅವೇ ಪ್ರಶ್ನೆ. ಅದಕ್ಕೇ ಬರೆದಿಟ್ಟಿದ್ದೇನೆ. ನಾನು ಡಾಕ್ಟರಲ್ಲ, ಔಷಧಿ, ಕಾಯಿಲೆಯ ವಿಷಯಕ್ಕೆ ನಿಮ್ಮ ಡಾಕ್ಟರ ಮಾತೇ ಕೊನೆ.

ಸುಮ್ಮನೆ ಮಲಗಿದ್ದರೆ ದಪ್ಪ ಆಗ್ತಾರೋ, ಸಣ್ಣ ಆಗ್ತಾರೋ?

ಎರಡೂ ಒಟ್ಟಿಗೇ ಆಗಬಹುದು, ತೊಂದರೆ ಇರುವುದೇ ಅಲ್ಲಿ. ಕೆಲಸವಿಲ್ಲದ ಸ್ನಾಯು ಕರಗುತ್ತದೆ. ಖರ್ಚಾಗದ ಅನ್ನ ಕೊಬ್ಬಾಗಿ ಹೊಟ್ಟೆಯ ಸುತ್ತ ಕೂರುತ್ತದೆ. ಇವೆರಡರಲ್ಲಿ ಯಾವುದು ಜಾಸ್ತಿ ಅನ್ನುವುದರ ಮೇಲೆ ತೂಕದ ಮುಳ್ಳು ಏರುತ್ತದೆ, ಇಳಿಯುತ್ತದೆ, ಇಲ್ಲವೇ ಇದ್ದಲ್ಲೇ ಇರುತ್ತದೆ.

ನಮ್ಮ ಮನೆಗಳಲ್ಲಿ ಕಂಡಂತೆ ಹೇಳುವುದಾದರೆ, ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ ಹುಡುಗರು ದಪ್ಪ ಆಗುತ್ತಾರೆ, ವಯಸ್ಸಾದವರು ಸಣ್ಣ ಆಗುತ್ತಾರೆ. ಹುಡುಗನಿಗೆ ಹಸಿವಿದೆ, ಬೇಜಾರಿದೆ, ನೋಡಲು ಬಂದವರೆಲ್ಲ ತಂದ ಬೇಕರಿ ಪೊಟ್ಟಣಗಳಿವೆ. ಅಜ್ಜಿಗೆ ಇದ್ಯಾವುದೂ ಇಲ್ಲ.

ತೂಕ ಹಾಗೇ ಇದೆಯಲ್ಲ, ಮತ್ತೇನು ಚಿಂತೆ?

ತೂಕದ ಮಿಷನ್ನಿಗೆ ಸ್ನಾಯು, ಕೊಬ್ಬು, ಕಾಲಿಗೆ ಇಳಿದ ನೀರು ಎಲ್ಲ ಒಂದೇ. ಅಮ್ಮ ಬೀಳುವ ಮೊದಲು 56 ಕಿಲೋ. ಒಂಬತ್ತು ವಾರ ಆದ ಮೇಲೆ ಹಿಡಿದು ನಿಲ್ಲಿಸಿ ನೋಡಿದಾಗ 53 ಚಿಲ್ಲರೆ. ಮೂರು ಕಿಲೋಗೂ ಕಡಿಮೆ ತಾನೆ ಅಂದುಕೊಂಡೆವು. ಆದರೆ ಮುಂಗೈಗೆ ಬಿಗಿಯಾಗಿದ್ದ ಗಾಜಿನ ಬಳೆ ಕೈ ಎತ್ತಿದರೆ ಮೊಣಕೈವರೆಗೂ ಜಾರುತ್ತಿತ್ತು. ಮೀನಖಂಡ ಮುಟ್ಟಿದರೆ ನೀರು ತುಂಬಿದ ಚೀಲದ ಹಾಗೆ ಮೆತ್ತಗೆ. ಹೊಟ್ಟೆ ಮಾತ್ರ ಮೊದಲಿನಷ್ಟೇ.

ಇದು ಕಾಯಿಲೆ ಇರುವವರಿಗೆ ಮಾತ್ರ ಆಗುವುದಲ್ಲ. ಗಗನಯಾತ್ರಿಗಳ ದೇಹಕ್ಕೆ ಏನಾಗುತ್ತದೆ ಎಂದು ತಿಳಿಯಲು 2019ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಅಲ್ಲಿನ ಬಾಹ್ಯಾಕಾಶ ಸಂಸ್ಥೆ ಮತ್ತು ನಾಸಾ ಸೇರಿ ಆರೋಗ್ಯವಂತರನ್ನೇ 60 ದಿನ ಮಲಗಿಸಿದವು. ಮಂಚದ ತಲೆಭಾಗ 6 ಡಿಗ್ರಿ ಕೆಳಗೆ. ಊಟ, ಸ್ನಾನ, ಶೌಚ ಎಲ್ಲ ಮಲಗಿಯೇ. ಪ್ರತಿಯೊಂದು ಊಟವನ್ನೂ ತೂಗಿ ಕೊಡುತ್ತಿದ್ದರು, ತಟ್ಟೆ ಖಾಲಿ ಮಾಡಲೇಬೇಕು. (ಇಷ್ಟಕ್ಕೆಲ್ಲ 16,500 ಯೂರೋ ಸಂಭಾವನೆ. ಅಮ್ಮನಿಗೆ ಹೇಳಿದಾಗ “ಮೊದ್ಲೇ ಗೊತ್ತಿದ್ರೆ ಅಲ್ಲೇ ಹೋಗಿ ಬೀಳ್ತಿದ್ದೆ” ಅಂದಳು.) ಇಂಥ ಅಧ್ಯಯನಗಳಲ್ಲೆಲ್ಲ ಕಾಣುವುದು ಒಂದೇ: ಲೆಕ್ಕ ಹಾಕಿ ಉಣ್ಣಿಸಿದರೂ ಕಾಲಿನ ಸ್ನಾಯು ಇಳಿಯುತ್ತದೆ. ಊಟವೊಂದರಿಂದಲೇ ಅದನ್ನು ತಡೆಯಲು ಆಗುವುದಿಲ್ಲ.

ಎಷ್ಟು ದಿನ ಮಲಗಿದರೆ ಹೀಗಾಗುತ್ತೆ?

ನಾವು ಅಂದುಕೊಳ್ಳುವುದಕ್ಕಿಂತ ಬೇಗ. ಅಮೆರಿಕದಲ್ಲಿ ಗಟ್ಟಿಮುಟ್ಟಾಗಿದ್ದ, ಸರಾಸರಿ 67 ವಯಸ್ಸಿನ ಹಿರಿಯರನ್ನು ಬರೀ 10 ದಿನ ಮಲಗಿಸಿ ನೋಡಿದ್ದರು; ಕಾಲುಗಳಿಂದಲೇ ಸುಮಾರು ಒಂದು ಕಿಲೋ ಸ್ನಾಯು ಹೋಗಿತ್ತು. 2007ರಲ್ಲಿ ಪ್ರಕಟವಾದ ಅಧ್ಯಯನ. ಅವರ ಊಟದಲ್ಲಿ ಆರೋಗ್ಯವಂತರಿಗೆ ಸಾಕು ಎನ್ನುವಷ್ಟು ಪ್ರೋಟೀನ್ ಇತ್ತು ಅನ್ನುವುದನ್ನು ನೆನಪಿಡಿ. ಹರೆಯದವರಲ್ಲಿ ನಾಲ್ಕು ವಾರವಾದರೂ ಇಷ್ಟೊಂದು ಹೋಗುವುದಿಲ್ಲ.

ಹಸಿವೇ ಇಲ್ಲ ಅಂತಾರೆ. ಎರಡು ತುತ್ತಿಗೆ ಸಾಕು ಅಂತಾರೆ. ಯಾಕೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕಾರಣ ಒಂದೇ ಇರುವುದಿಲ್ಲ. ಓಡಾಟವಿಲ್ಲದೆ ದೇಹದ ಬೇಡಿಕೆ ಇಳಿದಿರುತ್ತದೆ. ನೋವಿನ ಮಾತ್ರೆಯಿಂದ ಹೊಟ್ಟೆ ತೊಳಸುತ್ತದೆ, ಕೆಲವು ಮಾತ್ರೆಗಳಿಂದ ಬಾಯಿರುಚಿ ಕೆಡುತ್ತದೆ. ಮಲಬದ್ಧತೆಯಿದ್ದರೆ ಹೊಟ್ಟೆ ಉಬ್ಬಿಕೊಂಡು ಎರಡು ತುತ್ತಿಗೇ ತುಂಬಿದ ಹಾಗಾಗುತ್ತದೆ. ಹಲ್ಲಿನ ಸೆಟ್ಟು ಆಸ್ಪತ್ರೆಯ ಗಡಿಬಿಡಿಯಲ್ಲಿ ಯಾವುದೋ ಡಬ್ಬಿ ಸೇರಿರುತ್ತದೆ, ಯಾರಿಗೂ ನೆನಪಿರುವುದಿಲ್ಲ. ಎಲ್ಲರ ಜೊತೆ ಕೂತು ಉಂಡವರಿಗೆ ಗೋಡೆ ನೋಡುತ್ತ ಒಬ್ಬರೇ ಉಣ್ಣಲು ಮನಸ್ಸಾಗುವುದಿಲ್ಲ. ಮನಸ್ಸು ಕುಗ್ಗಿದ್ದರೂ ಮೊದಲು ಹೋಗುವುದು ಹಸಿವೇ.

ನಮ್ಮ ಮನೆಯಲ್ಲಿ ಕಾರಣ ಬೇರೆಯೇ ಇತ್ತು. ಹಗಲು ಮನೆಯಲ್ಲಿರುತ್ತಿದ್ದವನು ನಾನೊಬ್ಬನೇ; ಲ್ಯಾಪ್‌ಟಾಪ್ ಇಟ್ಟುಕೊಂಡು ಪಕ್ಕದ ರೂಮಿನಲ್ಲಿ. ಅಕ್ಕ ಬರುತ್ತಿದ್ದದ್ದು ಸಂಜೆ ಆರಕ್ಕೆ. ಅಮ್ಮ ಬೆಳಿಗ್ಗೆ ಮಾತ್ರೆಗೆ ಅರ್ಧ ಲೋಟ ನೀರು ಕುಡಿದರೆ ಮುಗಿಯಿತು. ಮಧ್ಯಾಹ್ನ ಅನ್ನ ಕಲಸಿಕೊಟ್ಟರೆ ಕಾಲುಭಾಗ ಉಳಿಸದೆ ಬಿಡುತ್ತಿರಲಿಲ್ಲ, ಮಜ್ಜಿಗೆ ಮುಟ್ಟುತ್ತಲೇ ಇರಲಿಲ್ಲ. ಸಂಜೆ ಅಕ್ಕ ಬಂದ ಮೇಲೆ ಗಟಗಟ ನೀರು. ನಾನು ಇದನ್ನು ‘ಮಗಳು ಬಂದರೆ ಖುಷಿ’ ಅಂದುಕೊಂಡಿದ್ದೆ. ಎರಡು ವಾರವಾದ ಮೇಲೆ ಅಕ್ಕನ ಹತ್ತಿರ ಬಾಯಿಬಿಟ್ಟಳು: “ತಿಂದ್ರೆ, ಕುಡುದ್ರೆ ಬೆಡ್‌ಪ್ಯಾನ್ ಕೇಳ್ಬೇಕಲ್ಲೇ. ಮಗನ್ನ ಹೆಂಗೆ ಕೇಳ್ಲಿ?”

ಹತ್ತರಿಂದ ಐದರವರೆಗೆ ಒಬ್ಬ ಆಯಾಳನ್ನು ಗೊತ್ತು ಮಾಡಿದೆವು. ಮೊದಲು ನೀರು ಕುಡಿಯುವುದು ಹೆಚ್ಚಾಯಿತು, ನಾಲ್ಕೈದು ದಿನಕ್ಕೆ ಹೊಟ್ಟೆ ಸಡಿಲವಾಯಿತು, ಆಮೇಲೆ ಹಸಿವು ತಾನಾಗಿ ಬಂತು. ಅಷ್ಟು ದಿನ ನಾನು ಹಸಿವಿನ ಟಾನಿಕ್ ಹುಡುಕುತ್ತಿದ್ದೆ. ಅದಕ್ಕೇ ಯಾರೇ ಈ ಪ್ರಶ್ನೆ ಕೇಳಲಿ, ನಾನು ಮೊದಲು ಕೇಳುವುದು ಒಂದೇ: ಬೆಡ್‌ಪ್ಯಾನ್ ಇಡುವವರು ಯಾರು?

ಮಲಬದ್ಧತೆಗೆ ಏನು ಮಾಡೋದು? ದಿನಾ ಬಾಳೆಹಣ್ಣು ಕೊಡ್ತಿದೀವಿ.

ನೀರಿಲ್ಲದೆ ಬರೀ ಬಾಳೆಹಣ್ಣು ಏನೂ ಮಾಡದು. ನಾರು ಮತ್ತು ನೀರು ಜೊತೆಜೊತೆಯಾಗಿ ಹೋಗಬೇಕು. ಸೊಪ್ಪಿನ ಹುಳಿ, ಪಪ್ಪಾಯ, ನೆನೆಸಿದ ಒಣದ್ರಾಕ್ಷಿ ಒಗ್ಗುತ್ತವೆ. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಟ್ರಾಮಡಾಲ್‌ನಂಥ ನೋವಿನ ಮಾತ್ರೆ, ಇವು ಮೂರೂ ಹೊಟ್ಟೆ ಕಟ್ಟಬಲ್ಲವು. ಡಾಕ್ಟರಿಗೆ ಹೇಳಿದರೆ ಬದಲಿಸುತ್ತಾರೆ ಅಥವಾ ಮಲ ಸಡಿಲಿಸುವ ಔಷಧಿ ಜೊತೆಗೆ ಕೊಡುತ್ತಾರೆ. ಇನ್ನೊಂದು, ಮಲಗಿಕೊಂಡೇ ಮಲವಿಸರ್ಜನೆಗೆ ತಿಣುಕುವುದು ಯಾರಿಗೂ ಸುಲಭವಲ್ಲ. ಕೂರಲು ಅನುಮತಿ ಸಿಕ್ಕ ದಿನವೇ ಕಮೋಡ್ ಚೇರ್ ತನ್ನಿ.

ಗಂಜಿ ಕೊಡ್ತಿದೀವಿ, ಸಾಕಲ್ವಾ?

ಸಾಲದು. ಜ್ವರದಲ್ಲಿ ಎರಡು ದಿನಕ್ಕೆ ಗಂಜಿ ಸರಿ, ಎರಡು ತಿಂಗಳಿಗೆ ಅಲ್ಲ. ನಾವೂ ಮೊದಲು ಇದೇ ತಪ್ಪು ಮಾಡಿದ್ದು.

ಲೆಕ್ಕ ನೋಡಿ. ಒಂದು ಲೋಟ ಗಂಜಿಗೆ ಬೀಳುವ ಅಕ್ಕಿ 25 ಗ್ರಾಂ. ಅದರಲ್ಲಿ ಪ್ರೋಟೀನ್ 2 ಗ್ರಾಂ ಕೂಡ ಇಲ್ಲ. ದಿನಕ್ಕೆ ನಾಲ್ಕು ಲೋಟ ಕುಡಿಸಿದರೂ 8 ಗ್ರಾಂ ದಾಟುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಆರೋಗ್ಯವಂತ ವಯಸ್ಕರಿಗೆ ಹೇಳಿರುವುದೇ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ. ಕಾಯಿಲೆ ಬಿದ್ದ ವಯಸ್ಸಾದವರಿಗೆ 1.2ರಿಂದ 1.5 ಗ್ರಾಂ ಬೇಕೆನ್ನುತ್ತಾರೆ ಪೋಷಣೆಯ ತಜ್ಞರು. ಅಂದರೆ 56 ಕಿಲೋದ ಅಮ್ಮನಿಗೆ 67 ಗ್ರಾಂ ಹತ್ತಿರ. ಎಲ್ಲಿಯ 8, ಎಲ್ಲಿಯ 67!

ಡಯಟೀಷಿಯನ್ ಬರೆದುಕೊಟ್ಟ ಪಟ್ಟಿಯಲ್ಲಿ ನಮ್ಮ ಅಡಿಗೆಮನೆಗೆ ಹೊಸದು ಏನೂ ಇರಲಿಲ್ಲ. ಬೆಳಿಗ್ಗೆ ನೀರಿಗೆ ಬದಲು ಹಾಲಲ್ಲೇ ಕಲಸಿದ ರಾಗಿ ಮಾಲ್ಟು. ಇಡ್ಲಿಯ ಜೊತೆ ಒಂದು ಮೊಟ್ಟೆ (6 ಗ್ರಾಂ). ಮಧ್ಯಾಹ್ನ ತಿಳಿಸಾರು ಬಿಟ್ಟು ಗಟ್ಟಿ ತೊವ್ವೆ. ಸಾರಿನಲ್ಲಿ ಬೇಳೆ ತಳದಲ್ಲೇ ಉಳಿದುಬಿಡುತ್ತದೆ, ರೋಗಿಗೆ ಹೋಗುವುದು ಹುಣಸೆಹಣ್ಣಿನ ನೀರು. ನೀರುಮಜ್ಜಿಗೆಗೆ ಬದಲು ಗಟ್ಟಿ ಮೊಸರು. ನಾಲ್ಕು ಗಂಟೆಗೆ ಹುರಿಗಡಲೆ ಪುಡಿ, ಬೆಲ್ಲ, ಏಲಕ್ಕಿ ಹಾಲಲ್ಲಿ ಕಲಸಿ. ಎರಡು ದೊಡ್ಡ ಚಮಚ ಪುಡಿ, ಒಂದು ಸಣ್ಣ ಲೋಟ ಹಾಲು ಸೇರಿದರೆ 10 ಗ್ರಾಂ ಹತ್ತಿರ. ರಾತ್ರಿ ಮೆತ್ತಗಿನ ಅನ್ನ, ತೊವ್ವೆ, ಪನೀರ್ ಇಲ್ಲವೇ ಇನ್ನೊಂದು ಮೊಟ್ಟೆ. ಎಲ್ಲ ಕೂಡಿದರೆ 60 ದಾಟಿತು.

ಇದೆಲ್ಲ ಒಂದೇ ಹೊತ್ತಿಗೆ ತುರುಕುವುದಲ್ಲ. ಸಣ್ಣ ಬಟ್ಟಲು, ಆರು ಹೊತ್ತು. ದೊಡ್ಡ ತಟ್ಟೆ ನೋಡಿದರೇ ಅಮ್ಮನಿಗೆ ಹೊಟ್ಟೆ ತುಂಬುತ್ತಿತ್ತು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಏರಿಸಬೇಡಿ.

ಮೊಟ್ಟೆ, ಬದನೆಕಾಯಿ, ಮೀನು ನಂಜು ಅಂತ ಅತ್ತೆ ಕೊಡೋಕೆ ಬಿಡ್ತಿಲ್ಲ.

ಬದನೆಕಾಯಿಗಾಗಿ ಜಗಳ ಆಡಬೇಡಿ, ಬಿಟ್ಟರೂ ಏನೂ ನಷ್ಟವಿಲ್ಲ. ಮೊಟ್ಟೆ, ಮೀನು, ಬೇಳೆ, ಮೊಸರಿಗಾಗಿ ಆಡಿ. ನಂಜಿನ ಪಟ್ಟಿಗೆ ಸೇರಿಸಿಬಿಡುವುದರಲ್ಲಿ ಹೆಚ್ಚಿನವು ಪ್ರೋಟೀನಿನ ಪದಾರ್ಥಗಳೇ. ಗಾಯ ಕೂಡಲು, ಮೂಳೆ ಕೂಡಲು ಅವೇ ಬೇಕು. ದೊಡ್ಡವರ ಮಾತು ಮೀರಲಾಗದಿದ್ದರೆ ಡಾಕ್ಟರ ಬಾಯಲ್ಲಿ ಅವರೆದುರೇ ಹೇಳಿಸಿ, ಕೆಲಸ ಸುಲಭ.

ಕಾಲು ಸೂಪ್ ಕುಡಿದರೆ ಮೂಳೆ ಬೇಗ ಕೂಡುತ್ತಂತೆ?

ಬಿಸಿಬಿಸಿ, ರುಚಿ, ಬಾಯಿ ಕೆಟ್ಟವರಿಗೂ ಹಿಡಿಸುತ್ತದೆ. ಕೊಡಿ. ಆದರೆ ಅದರಲ್ಲಿರುವುದು ಬಹುಪಾಲು ಜೆಲಾಟಿನ್. ದೇಹಕ್ಕೆ ಅಗತ್ಯವಾದ ಟ್ರಿಪ್ಟೊಫ್ಯಾನ್ ಎಂಬ ಅಂಶವೇ ಅದರಲ್ಲಿಲ್ಲ. ಕ್ಯಾಲ್ಸಿಯಂ ಕೂಡ ಜನ ನಂಬಿರುವಷ್ಟಿಲ್ಲ. ಸೂಪಿನ ಜೊತೆ ಮಾಂಸದ ತುಂಡನ್ನೂ ತಿನ್ನಿಸಿ.

ಮಲಗಿದಂತೆಯೇ ತಿನ್ನಿಸಬಹುದಾ?

ಬೇಡ. ಅಂಗಾತ ಮಲಗಿದವರ ಬಾಯಿಗೆ ಗಂಜಿ ಹಾಕಿದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಡಾಕ್ಟರು ಎಷ್ಟು ಎತ್ತಬಹುದು ಅಂದಿದ್ದಾರೋ ಅಷ್ಟು ಬೆನ್ನು ಎತ್ತಿ, ದಿಂಬು ಕೊಡಿ. ಗಲ್ಲ ಸ್ವಲ್ಪ ಕೆಳಗಿರಲಿ. ಒಂದು ತುತ್ತು ನುಂಗಿದ್ದು ಕಂಡ ಮೇಲೆ ಇನ್ನೊಂದು. ಉಂಡ ಮೇಲೆ ಅರ್ಧ ಗಂಟೆ ಹಾಗೇ ಇರಲಿ. ಮಂಪರಿನಲ್ಲಿರುವವರಿಗೆ ತಿನ್ನಿಸಲೇಬೇಡಿ. ಪ್ರತಿ ಸಲ ಕುಡಿಸಿದಾಗಲೂ ಕೆಮ್ಮು ಬಂದರೆ, ಗಂಟಲಲ್ಲಿ ಗೊರಗೊರ ಅಂದರೆ ಅದೇ ದಿನ ಡಾಕ್ಟರಿಗೆ ಹೇಳಿ.

ಸಾಧ್ಯವಾದರೆ ಅವರ ಕೈಯಲ್ಲೇ ತಿನ್ನಲಿ. ಸೆರಗಿನ ಮೇಲೆ ಚೆಲ್ಲುತ್ತದೆ, ಚೆಲ್ಲಲಿ.

ಮಗ ಕಾಲು ಮುರಿದುಕೊಂಡು ಮಲಗಿದ್ದಾನೆ. ಇಡೀ ದಿನ ಏನಾದರೂ ಬೇಕು ಅಂತಾನೆ. ಆರು ಕಿಲೋ ಏರಿದ್ದಾನೆ.

ಬಹಳಷ್ಟು ಹಸಿವಲ್ಲ, ಹೊತ್ತು ಹೋಗದ ಕಾಟ. ಮೊಬೈಲು ನೋಡುತ್ತ ಚಿಪ್ಸು ಖಾಲಿಯಾದದ್ದೇ ಗೊತ್ತಾಗುವುದಿಲ್ಲ. ‘ಚೆನ್ನಾಗಿ ತಿಂದರೆ ಶಕ್ತಿ ಬರುತ್ತೆ’ ಎಂದು ಮನೆಯವರು ತುಪ್ಪ ಬಡಿಸುವುದು ಬೇರೆ. ಇಲ್ಲೊಂದು ವಿಚಿತ್ರ ಇದೆ: ಮಲಗಿಸಿದ ಆರೋಗ್ಯವಂತ ಯುವಕರಿಗೆ ಖರ್ಚಿಗಿಂತ ಹೆಚ್ಚು ಉಣ್ಣಿಸಿ ನೋಡಿದಾಗ ಸ್ನಾಯು ಉಳಿಯಲಿಲ್ಲ, ಇನ್ನೂ ಹೆಚ್ಚು ಕರಗಿತು. ಮೇಲಿಂದ ಕೊಬ್ಬು ಬೇರೆ ಕೂಡಿತು.

ಹಾಗಂತ ಪಥ್ಯ ಹಾಕಿ ಸೊರಗಿಸಬೇಡಿ, ಮೂಳೆ ಕೂಡುವ ಹೊತ್ತಿದು. ಊಟ ಹೊತ್ತಿಗೆ ಸರಿಯಾಗಿ ಕೊಡಿ. ಅನ್ನ, ಎಣ್ಣೆ, ಸಿಹಿ ಸ್ವಲ್ಪ ಇಳಿಸಿ, ಬೇಳೆ, ಮೊಟ್ಟೆ, ತರಕಾರಿ ಇಳಿಸಬೇಡಿ. ಕುರುಕಲಿನ ಡಬ್ಬಿ ಮಂಚದ ಪಕ್ಕದಿಂದ ಎತ್ತಿಡಿ. ಎದ್ದು ಹೋಗಿ ತರಲಾಗದವನಿಗೆ ಅಷ್ಟೇ ಸಾಕು.

ಶುಗರ್ ಇದೆ. ಊಟ ಕಡಿಮೆ ಮಾಡಿದ್ರೂ ಏರ್ತಿದೆ.

ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳುವ ದೊಡ್ಡ ಗಿರಾಕಿ ಸ್ನಾಯು. ಅದು ಅಂಗಡಿ ಮುಚ್ಚಿದರೆ ಸಕ್ಕರೆ ರಕ್ತದಲ್ಲೇ ನಿಲ್ಲುತ್ತದೆ. ಶುಗರ್ ಇಲ್ಲದ ಆರೋಗ್ಯವಂತರಲ್ಲೂ ಐದೇ ದಿನ ಮಲಗಿದರೆ ಇನ್ಸುಲಿನ್ನಿನ ಕೆಲಸ ಮಂದವಾಗುವುದು ಕಂಡಿದೆ. ಗಾಯ, ನೋವು, ಸೋಂಕು ಸೇರಿದರೆ ಇನ್ನೂ ಏರುತ್ತದೆ. ಹಾಗಾಗಿ ಹಳೆಯ ಡೋಸನ್ನೇ ನಂಬಿ ಕೂರಬೇಡಿ, ಪದೇ ಪದೇ ಚೆಕ್ ಮಾಡಿ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಇದಕ್ಕೆ ಉಲ್ಟಾ ಕೂಡ ಉಂಟು: ಊಟ ಬಿಟ್ಟವರು ಮಾತ್ರೆ ಮಾತ್ರ ನುಂಗಿದರೆ ಲೋ ಶುಗರ್. ಅದು ಇನ್ನೂ ಅಪಾಯ.

ಚೆನ್ನಾಗಿ ತಿಂದು, ಮಲಗಿ, ತೂಕ ಬಂದರೆ ತಾನೇ ವಾಸಿ ಆದಂತೆ?

ಹಿಂದೆ ಕ್ಷಯಕ್ಕೆ ಇದೇ ಚಿಕಿತ್ಸೆ. ಮೈಸೂರಿನ ಪಿಕೆಟಿಬಿಯಂಥ ಸ್ಯಾನಟೋರಿಯಂಗಳಲ್ಲಿ, ಅಂದರೆ ಕ್ಷಯದವರನ್ನು ಇಟ್ಟುಕೊಳ್ಳುವ ಆಸ್ಪತ್ರೆಗಳಲ್ಲಿ, ವಿಶ್ರಾಂತಿ, ಗಾಳಿ, ಹಾಲು, ಮೊಟ್ಟೆ. 1956ರಲ್ಲಿ ಮದ್ರಾಸಿನಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. ಎಲ್ಲರಿಗೂ ಒಂದೇ ಔಷಧಿ. ಅರ್ಧದಷ್ಟು ಜನರಿಗೆ ಸ್ಯಾನಟೋರಿಯಂನ ಹಾಸಿಗೆ, ಪುಷ್ಟಿಯ ಊಟ. ಉಳಿದವರಿಗೆ ತಮ್ಮ ಬಡ ಮನೆ, ಅಲ್ಲಿ ಸಿಕ್ಕಷ್ಟು ಊಟ, ಓಡಾಟ. ವರ್ಷ ಕಳೆದ ಮೇಲೆ ಸ್ಯಾನಟೋರಿಯಂನವರ ತೂಕ ಹೆಚ್ಚು ಏರಿತ್ತು ನಿಜ, ಆದರೆ ವಾಸಿಯಾಗುವುದರಲ್ಲಿ ಮನೆಯವರೇನೂ ಹಿಂದೆ ಬಿದ್ದಿರಲಿಲ್ಲ. 1959ರಲ್ಲಿ ಫಲಿತಾಂಶ ಬಂದ ಮೇಲೆ ಪ್ರಪಂಚದ ಸ್ಯಾನಟೋರಿಯಂಗಳು ಒಂದೊಂದಾಗಿ ಬಾಗಿಲು ಹಾಕಿದವು. ಊಟ ಬೇಡ ಎಂದಲ್ಲ ಇದರ ಅರ್ಥ. ಏರಿದ ತೂಕವನ್ನೇ ವಾಸಿಯ ಗುರುತು ಅಂದುಕೊಳ್ಳಬೇಡಿ.

ಅದಕ್ಕಿಂತ ಮೊದಲೇ, 1947ರಲ್ಲಿ, ರಿಚರ್ಡ್ ಆಶರ್ ಎಂಬ ಬ್ರಿಟಿಷ್ ವೈದ್ಯರು ಹಾಸಿಗೆಯೇ ತರುವ ಕೇಡುಗಳನ್ನು ಒಂದೊಂದಾಗಿ ಎಣಿಸಿ ಬರೆದಿದ್ದರು. ಈಗ ತೊಡೆಯ ಮೂಳೆ ಮುರಿದು ಆಪರೇಷನ್ ಆದವರನ್ನು ಮರುದಿನವೇ ಎಬ್ಬಿಸಿ ನಿಲ್ಲಿಸಲು ನೋಡುತ್ತಾರೆ. ನಾವು ಮಾಡಿದ ದೊಡ್ಡ ತಪ್ಪು, ‘ಬೆಡ್ ರೆಸ್ಟ್’ ಅಂದ ತಕ್ಷಣ ತಲೆಯಾಡಿಸಿ ಬಂದದ್ದು. ಯಾವತ್ತಿನಿಂದ ಕೂರಿಸಬಹುದು, ಮಲಗಿದ್ದಲ್ಲೇ ಯಾವ ವ್ಯಾಯಾಮ ಮಾಡಿಸಬಹುದು ಎಂದು ಕೇಳಲೇ ಇಲ್ಲ. ನಾಲ್ಕನೇ ವಾರ ಕೇಳಿದಾಗ “ಅಯ್ಯೋ, ಆಗಲೇ ಕೂರಿಸಬಹುದಿತ್ತಲ್ಲ” ಅಂದರು.

ಗರ್ಭಿಣಿಗೆ ಬೆಡ್ ರೆಸ್ಟ್ ಹೇಳಿದ್ದಾರೆ. ಬಾಣಂತಿಗೂ ಇದೇ ಮಾತು ಅನ್ವಯಿಸುತ್ತಾ?

ಅವಧಿಗೆ ಮುಂಚೆ ಹೆರಿಗೆ ತಪ್ಪಿಸಲು ಎಲ್ಲರನ್ನೂ ಮಲಗಿಸುವುದನ್ನು ಅಮೆರಿಕದ ಪ್ರಸೂತಿ ತಜ್ಞರ ಸಂಘ ಈಗ ಶಿಫಾರಸು ಮಾಡುವುದಿಲ್ಲ. ಮಲಗಿದ ಗರ್ಭಿಣಿ ದಪ್ಪ ಆಗುತ್ತಾಳೆ ಎಂದು ನಾವು ಅಂದುಕೊಳ್ಳುತ್ತೇವೆ. ಏರಬೇಕಾದಷ್ಟು ತೂಕ ಏರದಿರುವುದೂ ಕಂಡುಬಂದಿದೆ. ನಿಮಗೆ ಹೇಳಿದ್ದರೆ ಯಾಕೆ, ಎಷ್ಟು ದಿನ, ಎದ್ದು ಬಚ್ಚಲಿಗೆ ಹೋಗಬಹುದೇ ಎಂದು ಬಿಡಿಸಿ ಕೇಳಿ.

ಬಾಣಂತಿಯದು ಬೇರೆ ಕಥೆ. ತುಪ್ಪ, ಕೊಬ್ಬರಿ, ಅಂಟಿನುಂಡೆ ಧಾರಾಳ. ಸೊಪ್ಪು, ತರಕಾರಿ, ನೀರು ಬಿಗಿ. ಕಿವಿಗೆ ಹತ್ತಿ ಕಟ್ಟಿಕೊಂಡು ಮಲಗುವುದು. ಹೊಟ್ಟೆ ಕಟ್ಟುತ್ತದೆ, ತೂಕ ಏರುತ್ತದೆ. ಹಾಲೂಡಿಸುವವಳಿಗೆ ನೀರು ಬಿಗಿಹಿಡಿಯುವುದು ಮಾತ್ರ ನನಗೆ ಯಾವತ್ತೂ ಅರ್ಥವಾಗಿಲ್ಲ.

ಎದ್ದು ನಿಲ್ಲಲಾಗದವರ ತೂಕ ನೋಡೋದು ಹೇಗೆ?

ಟೈಲರ್ ಟೇಪು ಸಾಕು. ಅಮ್ಮನ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿದ್ದ ಹಳದಿ ಟೇಪನ್ನೇ ತೆಗೆದುಕೊಂಡು ಪ್ರತಿ ಭಾನುವಾರ ಮೀನಖಂಡದ ದಪ್ಪ ಭಾಗ ಅಳೆದು ಕ್ಯಾಲೆಂಡರಿನ ಚೌಕದಲ್ಲಿ ಬರೆಯುತ್ತಿದ್ದೆವು. ಶುರುವಿನಲ್ಲಿ 32 ಸೆಂ.ಮೀ., ಕಡಿಮೆಯಾದದ್ದು 29ರವರೆಗೆ. 31ಕ್ಕಿಂತ ಕೆಳಗೆ ಇಳಿದರೆ ಎಚ್ಚರ ಎನ್ನುವುದು ವಯಸ್ಸಾದವರ ಪೋಷಣೆ ಅಳೆಯುವವರು ಬಳಸುವ ಗಡಿ. ತೋಳಿನ ನಡುಭಾಗ 23.5ಕ್ಕಿಂತ ಕಡಿಮೆ ಇದ್ದರೂ ಸೊರಗಿದ್ದಾರೆ ಎಂದೇ ಲೆಕ್ಕ. ಕಾಲು ಊದಿದ್ದರೆ ಕಾಲಿನ ಅಳತೆ ನಂಬಬೇಡಿ, ತೋಳು ನೋಡಿ. ಜೊತೆಗೆ ತಟ್ಟೆಯಲ್ಲಿ ಎಷ್ಟು ಉಳಿಯಿತು ಎಂದೂ ಬರೆಯಿರಿ: ಪೂರ್ತಿ, ಅರ್ಧ, ಕಾಲು. ಡಾಕ್ಟರ ಮುಂದೆ ‘ಏನೂ ತಿನ್ನಲ್ಲ ಸಾರ್’ ಅನ್ನುವುದಕ್ಕಿಂತ ಆ ಕ್ಯಾಲೆಂಡರ್ ಹಾಳೆ ಹೆಚ್ಚು ಕೆಲಸಕ್ಕೆ ಬಂತು.

ಯಾವಾಗ ಡಾಕ್ಟರಿಗೆ ಹೇಳಲೇಬೇಕು?

ತಿಂಗಳಲ್ಲಿ ತೂಕದ ನೂರಕ್ಕೆ 5 ಭಾಗ ಇಳಿದರೆ. ಬೆನ್ನು, ಹಿಮ್ಮಡಿಯಲ್ಲಿ ಒತ್ತಿದರೂ ಮಾಸದ ಕೆಂಪು ಕಂಡರೆ. ಅದು ಹಾಸಿಗೆ ಹುಣ್ಣಿನ ಶುರು. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋವಾದರೆ ರಕ್ತ ಹೆಪ್ಪುಗಟ್ಟಿರಬಹುದು, ಕಾಯಬೇಡಿ. ಐದಾರು ದಿನ ಏನೂ ತಿನ್ನದವರಿಗೆ ಒಂದೇ ಸಲ ಹೊಟ್ಟೆ ತುಂಬ ಉಣ್ಣಿಸುವುದೂ ಅಪಾಯ. ರಕ್ತದ ಲವಣಗಳು ಏರುಪೇರಾಗುತ್ತವೆ. ಡಾಕ್ಟರು ಹೇಳಿದಂತೆ ಸ್ವಲ್ಪ ಸ್ವಲ್ಪವಾಗಿಯೇ ಏರಿಸಬೇಕು.

ಎದ್ದ ಮೇಲೆ ಮೊದಲಿನ ಹಾಗಾಗಲು ಎಷ್ಟು ದಿನ?

1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐದು ಹುಡುಗರನ್ನು ಮೂರು ವಾರ ಮಲಗಿಸಿದ್ದರು. ಕಳೆದುಕೊಂಡ ಕಸುವು ವಾಪಸ್ ಬಂದದ್ದು ಎಂಟು ವಾರದ ಕಸರತ್ತಿನ ಮೇಲೆ. ಹುಡುಗರ ಕಥೆಯೇ ಇದು. ಅಮ್ಮ ಕೋಲು ಬಿಟ್ಟು ಬೀದಿ ಕೊನೆಯ ಗಣಪತಿ ಗುಡಿಗೆ ಹೋಗಿ ಬರಲು ಐದು ತಿಂಗಳು ಹಿಡಿಯಿತು. ಊಟದ ಪಟ್ಟಿ ಅಷ್ಟೂ ದಿನ ಹಾಗೇ ನಡೆಯಿತು, ಜೊತೆಗೆ ಫಿಸಿಯೋ ಹೇಳಿಕೊಟ್ಟಂತೆ ಕುರ್ಚಿಯಿಂದ ಎದ್ದು ಕೂರುವುದು ದಿನಕ್ಕೆ ಮೂರು ಸಲ. ಮೀನಖಂಡ ಈಗ 31. ತೂಕ 55. ಬಳೆ ಮಾತ್ರ ಇನ್ನೂ ಸ್ವಲ್ಪ ಸಡಿಲ.

ಕಮೋಡ್ ಚೇರ್, ಬೆನ್ನೆತ್ತುವ ಮಂಚ ಎಲ್ಲಿ ಸಿಗುತ್ತೆ?

ದೊಡ್ಡ ಮೆಡಿಕಲ್ ಸ್ಟೋರುಗಳಲ್ಲಿ, ಸರ್ಜಿಕಲ್ ಸಾಮಾನಿನ ಅಂಗಡಿಗಳಲ್ಲಿ ತಿಂಗಳ ಬಾಡಿಗೆಗೆ ಸಿಗುತ್ತವೆ. ಮಂಚ ಬಾಡಿಗೆಗೇ ತನ್ನಿ, ಕೊಂಡರೆ ಆಮೇಲೆ ಇಡಲು ಜಾಗವಿರುವುದಿಲ್ಲ. ಕಮೋಡ್ ಚೇರನ್ನು ನಾವು ಕೊಂಡೇಬಿಟ್ಟಿದ್ದೆವು. ಈಗಾಗಲೇ ಎರಡು ಮನೆಗೆ ಹೋಗಿ ಬಂದು ಅಟ್ಟದ ಮೇಲಿದೆ. ಹತ್ತಿರದವರು ಯಾರಿಗಾದರೂ ಬೇಕಿದ್ದರೆ ಕೇಳಿ, ತೊಳೆದು ಬಿಸಿಲಿಗಿಟ್ಟು ಕೊಡುತ್ತೇನೆ.